ಎಡಗಾಲಿನ ಹೊರ ಅಂಚು

ಓರೆಯಾಗಿರುವುದು ಕಣ್ಣಿಗೆ ಬಿದ್ದರೆ ನನ್ನಿಂದ ಸುಮ್ಮನಿರಲು ಆಗುವುದಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಗೋಡೆಯ ಮೇಲಿನ ಫೋಟೋ ನೆಟ್ಟಗೆ ಮಾಡಿಯೇ ಕೂರುವವಳು ನಾನು. ಇವಳನ್ನು ಕರೆದರೆ ಇನ್‌ಸ್ಪೆಕ್ಷನ್ ಪುಕ್ಕಟೆ ಎಂದು ಗಂಡ ಎಲ್ಲರೆದುರೂ ಆಡಿಕೊಳ್ಳುತ್ತಾರೆ. ಹದಿನಾರು ವರ್ಷ ಈ ಚಟಕ್ಕೆ ಸಂಬಳವೂ ಸಿಗುತ್ತಿತ್ತು. ಮಿಷಿಗನ್ನಿನ ಸೌತ್‌ಫೀಲ್ಡಿನ ಹತ್ತಿರ ಕಾರಿನ ಬಿಡಿಭಾಗಗಳಿಗೆ ಸಾಣೆ ಹಿಡಿಯುವ ಕಾರ್ಖಾನೆಯೊಂದರಲ್ಲಿ ನಾನು ಅಳತೆ ನೋಡುವ ಇಂಜಿನಿಯರ್. ಡ್ರಾಯಿಂಗ್‌ಗೆ ಹೊಂದದ್ದನ್ನು ಪಕ್ಕಕ್ಕೆ ಎಸೆಯುವುದೇ ನನ್ನ ಕೆಲಸ. ಆರ್ಥಿಕ ಮಾಂದ್ಯ ಬಂತು. ಮೊದಲು ಎರಡನೇ ಪಾಳಿ ನಿಂತಿತು, ಆಮೇಲೆ ನನ್ನನ್ನೂ ಮನೆಗೆ ಕಳಿಸಿದರು.

ಆರು ತಿಂಗಳು ಅರ್ಜಿ ಹಾಕಿದೆ. ಕೊನೆಗೆ ಉತ್ತರ ಬಂದದ್ದು ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಿಂದ, ಅದೂ ಐಸಿನ ಮೇಲೆ ಜಾರುತ್ತ ಆಡುವ ಒಂದು ಒಳಾಂಗಣದ, ಐಸ್ ರಿಂಕ್‌ನ, ಅಂಗಡಿಯಿಂದ. ಸ್ಕೇಟುಗಳ ಬ್ಲೇಡಿಗೆ ಸಾಣೆ ಹಿಡಿಯುವವರು ಬೇಕಾಗಿದ್ದರು. ಆ ಕೆಲಸ ನನಗೆ ಗೊತ್ತಿತ್ತು. ಮಗಳು ಆರು ವರ್ಷದವಳಿದ್ದಾಗ ನಮ್ಮೂರ ರಿಂಕಿನವನು ಅವಳ ಬ್ಲೇಡನ್ನು ಓರೆಯಾಗಿ ಉಜ್ಜಿಕೊಟ್ಟ. ನಾನು ಜಗಳವಾಡಲಿಲ್ಲ, ಹಳೆಯ ಮಷೀನೊಂದನ್ನು ಕೊಂಡುತಂದು ಗರಾಜಿನಲ್ಲಿ ಇಟ್ಟೆ. ಎರಡು ವರ್ಷದಲ್ಲಿ ನಮ್ಮ ಬಡಾವಣೆಯ ಅರ್ಧ ಮಕ್ಕಳ ಸ್ಕೇಟುಗಳು ನಮ್ಮ ಗರಾಜಿಗೇ ಬರುತ್ತಿದ್ದವು.

ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದಳು: “ಸಾಣೆ ಹಿಡಿಯೋ ಕೆಲಸಾನೇನೆ? ಚಾಕು, ಕತ್ತರಿ ಅಂತ ಕೂಗ್ಕೊಂಡು ಸೈಕಲ್ ಮೇಲೆ ಬರ್ತಾನಲ್ಲ, ಹಾಗಾ?”

“ಹಾಗೇ ಅಮ್ಮ. ಸೈಕಲ್ ಒಂದಿಲ್ಲ.”

ಗಂಡನ ಕೆಲಸ ಮಿಷಿಗನ್ನಿನಲ್ಲಿ ಉಳಿದಿತ್ತು. ಮನೆ ಮಾರಲು ಹೋದರೆ ಕೊಳ್ಳುವವರಿಲ್ಲ. ಹಾಗಾಗಿ ಅವರೂ ಮಗಳೂ ಅಲ್ಲಿ, ನಾನು ಇಲ್ಲಿ. ಹುಬ್ಬಳ್ಳಿ ಕಡೆಯ ಮೂಳೆ ಡಾಕ್ಟರೊಬ್ಬರು ನಿವೃತ್ತರಾಗಿ ಹೆಂಡತಿಯೊಂದಿಗೆ ಡೆಸ್ ಪ್ಲೇನ್ಸ್‌ನಲ್ಲಿದ್ದರು; ಅವರ ಬೇಸ್‌ಮೆಂಟಿನಲ್ಲಿ ನನಗೊಂದು ಕೋಣೆ. ಒಂದೇ ಕಿಟಕಿ, ಅದರಲ್ಲಿ ಹಿಮ ಮತ್ತು ಪಕ್ಕದ ಮನೆಯ ಕಾರಿನ ಚಕ್ರ ಕಾಣುತ್ತಿತ್ತು. ಒಬ್ಬಳೇ ಅಡುಗೆ ಮಾಡಿ, ಒಬ್ಬಳೇ ಉಂಡು, ಒಂದೇ ತಟ್ಟೆ ತೊಳೆದು ಇಡುವಾಗ ಎಷ್ಟೋ ದಿನ ಕಣ್ಣು ತುಂಬುತ್ತಿತ್ತು. ತಟ್ಟೆಯನ್ನು ಮಾತ್ರ ನೆಟ್ಟಗೇ ಇಡುತ್ತಿದ್ದೆ.

ನಮ್ಮ ಕಡೆಯವರಿಗೆ ಹಾಕಿ ಅಂದರೆ ಕೊಡಗು, ಹುಲ್ಲಿನ ಮೈದಾನ. ಇಲ್ಲಿ ಹಾಕಿ ಅಂದರೆ ಐಸಿನ ಮೇಲೆ ಆಡುವುದು. ನಮ್ಮ ರಿಂಕಿನಲ್ಲಿ ಬೆಳಿಗ್ಗೆ ಅಭ್ಯಾಸಕ್ಕೆ ಬರುತ್ತಿದ್ದದ್ದು ಎರಡನೇ ಮೆಟ್ಟಿಲಿನ ತಂಡ. ಮೇಲಿನ ದೊಡ್ಡ ಕ್ಲಬ್ಬು ತಾನು ಆರಿಸಿಕೊಂಡ ಹುಡುಗರನ್ನು ಮಾಗಲಿ ಎಂದು ಇಲ್ಲಿ ಬಿಡುತ್ತದೆ. ಚೆನ್ನಾಗಿ ಆಡಿದವನಿಗೆ ಒಂದು ದಿನ ಫೋನು ಬರುತ್ತದೆ, ಅವನು ಮೇಲೆ ಹೋಗುತ್ತಾನೆ. ಆಡದವನಿಗೂ ಫೋನು ಬರುತ್ತದೆ. ಅವನು ಮೂರನೇ ಮೆಟ್ಟಿಲಿಗೆ, ಯಾವುದೋ ಸಣ್ಣ ಊರಿನ ತಂಡಕ್ಕೆ, ದಿನಗಟ್ಟಲೆ ಬಸ್ಸಿನಲ್ಲಿ ಕೂತು ಆಡಲು ಹೋಗುತ್ತಾನೆ. ಬೇರೆ ದೇಶದಿಂದ ಬಂದವರಿಗೆ ಇನ್ನೊಂದು ದಾರಿಯಿದೆ, ಊರಿಗೆ ಹಿಂತಿರುಗಿ ಅಲ್ಲಿಯ ಲೀಗಿನಲ್ಲಿ ಆಡುವುದು. ಹಾಗೆ ಹೋದವನನ್ನು ಇಲ್ಲಿಯವರು ಮತ್ತೆ ಕರೆಯುವುದು ಅಪರೂಪ.

ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಮ್ಯಾನೇಜರ್ ಅರವತ್ತು ದಾಟಿದ ಮನುಷ್ಯ. ಸದಾ ಸೂರ್ಯಕಾಂತಿ ಬೀಜ ಅಗಿಯುತ್ತಿದ್ದ. ಖರ್ಚು ಕಡಿತದಲ್ಲಿ ಅವನ ಸಹಾಯಕ ಹೋಗಿದ್ದ, ಆದ್ದರಿಂದ ತಂಡದ ಸ್ಕೇಟುಗಳೂ ನನ್ನ ಅಂಗಡಿಗೆ ಬರತೊಡಗಿದವು. ಮೊದಲ ದಿನ ನಾನು ಉಜ್ಜಿದ ಬ್ಲೇಡಿನ ಮೇಲೆ ಒಂದು ನಾಣ್ಯವನ್ನು ಅಡ್ಡ ಇಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ. ನಾಣ್ಯ ಒಂದು ಕಡೆಗೆ ವಾಲಿದರೆ ಆ ಕಡೆಯ ಅಂಚು ತಗ್ಗು ಎಂದರ್ಥ. ನನ್ನದು ವಾಲಲಿಲ್ಲ. ನಾಣ್ಯವನ್ನು ಜೇಬಿಗೆ ಹಾಕಿಕೊಂಡು “ಸರಿ, ಇಂಜಿನಿಯರ್” ಎಂದ. ಅಂದಿನಿಂದ ನನ್ನ ಹೆಸರೇ ಅದಾಯಿತು. ಅವನ ಮಾತು, ಹುಡುಗರ ಮಾತು ಎಲ್ಲ ಇಂಗ್ಲಿಷಿನದೇ. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಲಸ ಹೀಗೆ. ಸ್ಕೇಟಿನ ಬ್ಲೇಡು ನೋಡಲು ಚಾಕುವಿನಂತೆ ಕಂಡರೂ ಚಾಕುವಲ್ಲ. ಅದರ ಅಡಿ ಮೂರು ಮಿಲಿಮೀಟರಿನಷ್ಟು ಅಗಲ. ಆ ಅಗಲದ ನಡುವೆ ಉದ್ದಕ್ಕೂ ಒಂದು ಸಣ್ಣ ತಗ್ಗು ತೆಗೆಯಬೇಕು. ಆಗ ಎರಡು ಬದಿಗೆ ಎರಡು ಅಂಚು ಉಳಿಯುತ್ತವೆ, ಒಳ ಅಂಚು ಮತ್ತು ಹೊರ ಅಂಚು. ಆಟಗಾರ ತಿರುಗುವುದು, ನಿಲ್ಲುವುದು ಎಲ್ಲ ಆ ಅಂಚುಗಳ ಮೇಲೆ. ಮೊದಲು ಸಾಣೆಚಕ್ರದ ಮುಖವನ್ನು ವಜ್ರದ ಮೊನೆಯಿಂದ ಗುಂಡಗೆ ಮಾಡಿಕೊಳ್ಳಬೇಕು. ಬ್ಲೇಡನ್ನು ಹಿಡಿಕೆಯಲ್ಲಿ ಬಿಗಿದು, ಅದರ ನಡು ಚಕ್ರದ ನಡುವಿಗೆ ಸರಿಯಾಗಿ ಬರುವಂತೆ ತಿರುಪು ತಿರುಗಿಸಬೇಕು. ತಿರುಪು ಕೂದಲೆಳೆಯಷ್ಟು ತಪ್ಪಿದರೂ ಒಂದು ಅಂಚು ಎತ್ತರ, ಇನ್ನೊಂದು ತಗ್ಗು. ನಾಲ್ಕು ಸಲ ಎಳೆದು, ಕೊನೆಯ ಎಳೆತಕ್ಕೆ ಒಂದು ತೊಟ್ಟು ಎಣ್ಣೆ ಸವರಿ, ಕೈಕಲ್ಲಿನಿಂದ ಅಂಚಿನ ಚೂರುಗಳನ್ನು ತೆಗೆದರೆ ಮುಗಿಯಿತು. ಬೇರೆಯವರು ನಾಣ್ಯದಲ್ಲಿ ನೋಡುತ್ತಾರೆ. ನಾನು ಕಾರ್ಖಾನೆಯ ಕಾಲದ ನನ್ನ ಉಕ್ಕಿನ ಮೂಲೆಮಟ್ಟವನ್ನು ಬ್ಲೇಡಿಗೆ ಒತ್ತಿ, ದೀಪಕ್ಕೆ ಹಿಡಿಯುತ್ತಿದ್ದೆ. ಸಂದಿನಲ್ಲಿ ಬೆಳಕು ಕಂಡರೆ ತೆಳು ಉಕ್ಕಿನ ಹಾಳೆಗಳನ್ನು ತೂರಿಸಿ ಸಂದು ಎಷ್ಟೆಂದು ಅಳೆಯುತ್ತಿದ್ದೆ. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ನಮ್ಮ ಕಸುಬಿನಲ್ಲಿ ಒಂದು ಥೌ ಎನ್ನುತ್ತಾರೆ. ಒಂದು ಥೌ ವ್ಯತ್ಯಾಸವನ್ನೂ ನಾನು ಒಪ್ಪುತ್ತಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಫಿನ್‌ಲೆಂಡಿನ ಹುಡುಗನೊಬ್ಬ ಬಂದ. ಇಪ್ಪತ್ತು ವರ್ಷ, ರಕ್ಷಣೆಯ ಆಟಗಾರ, ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಮೇಲಿನ ಕ್ಲಬ್ಬಿನವರಿಗೆ ಅವನ ಮೇಲೆ ಬಹಳ ಆಸೆಯಿದೆ, ಕ್ರಿಸ್‌ಮಸ್ಸಿನೊಳಗೆ ಮೇಲೆ ಕರೆಸಿಕೊಂಡಾರು ಎಂದು ಮ್ಯಾನೇಜರ್ ಹೇಳಿದ. ಹುಡುಗ ಸ್ಕೇಟು ಕೊಟ್ಟು, ತಗ್ಗಿನ ಅಳತೆ ಹೇಳಿ, ಥ್ಯಾಂಕ್ಸ್ ಎಂದು ಹೋದ. ನಾನು ಮೂಲೆಮಟ್ಟ ಹಿಡಿದೆ. ಬಲಗಾಲಿನದು ಸಮ. ಎಡಗಾಲಿನ ಹೊರ ಅಂಚು ಒಳ ಅಂಚಿಗಿಂತ ಮೂರು ಥೌ ಎತ್ತರ! ಇಷ್ಟು ದೊಡ್ಡ ಆಟಗಾರನಿಗೆ ಇಂಥ ಕಳಪೆ ಕೆಲಸ ಮಾಡಿಕೊಟ್ಟ ಪುಣ್ಯಾತ್ಮ ಯಾರಪ್ಪ ಎಂದು ಮೂಗು ಮುರಿದೆ. ಆರು ಎಳೆತದಲ್ಲಿ ಎರಡೂ ಅಂಚನ್ನು ಸಮ ಮಾಡಿದೆ. ದೀಪಕ್ಕೆ ಹಿಡಿದರೆ ಒಂದು ಗೆರೆ ಬೆಳಕೂ ಇಲ್ಲ. ಅವತ್ತು ಊಟದ ಡಬ್ಬಿ ತೆರೆದಾಗ ನಾನು ಹಾಡು ಗುನುಗುತ್ತಿದ್ದೆ ಎಂದು ನೆನಪು.

ಒಂದು ವಾರದಲ್ಲಿ ಹುಡುಗ ಬೀಳತೊಡಗಿದ. ಎಡಕ್ಕೆ ತಿರುಗುವಾಗ ಮಾತ್ರ. ನನ್ನ ಅಂಗಡಿಯ ಒಂದು ಗೋಡೆ ಗಾಜಿನದು, ಆಚೆಗೆ ಐಸು. ಚೆಂಡಿನ ಬದಲು ಇವರಾಡುವ ಕಪ್ಪು ರಬ್ಬರ್ ಬಿಲ್ಲೆ ಮೂಲೆಗೆ ಹೋದಾಗ ರಕ್ಷಣೆಯವನು ಬೆನ್ನು ತಿರುಗಿಸಿ ಅದರ ಹಿಂದೆ ಓಡಬೇಕು. ಬಲ ಮೂಲೆಗೆ ಇವನು ಬಾಣದಂತೆ ಹೋಗುತ್ತಿದ್ದ. ಎಡ ಮೂಲೆಗೆ ಹೋಗುವಾಗ ಎಡಗಾಲು ಜಾರುತ್ತಿತ್ತು. ಬೀಳದಿದ್ದರೂ ಅರ್ಧ ಗಳಿಗೆ ತಡ. ಅಷ್ಟರಲ್ಲಿ ಎದುರಾಳಿ ಅಲ್ಲಿರುತ್ತಿದ್ದ. ಇಲ್ಲಿಯ ಮೈದಾನ ಅವನ ದೇಶದ್ದಕ್ಕಿಂತ ಕಿರಿದು, ಹೊಂದಿಕೊಳ್ಳಲು ಸಮಯ ಬೇಕು ಎಂದರು ಎಲ್ಲರೂ. ನವೆಂಬರಿನಲ್ಲಿ ಕೋಚ್ ಅವನನ್ನು ರಕ್ಷಣೆಯವರ ಕೊನೆಯ ಜೋಡಿಗೆ, ಎಲ್ಲರಿಗಿಂತ ಕಡಿಮೆ ಹೊತ್ತು ಆಡುವ ಜೋಡಿಗೆ, ಹಾಕಿದರು. ಡಿಸೆಂಬರಿನಲ್ಲಿ ಮೈಗೆ ಏನೂ ಆಗದಿದ್ದರೂ ಆಡಿಸದೆ, ಸೂಟು ಹಾಕಿಸಿ ಪ್ರೇಕ್ಷಕರ ಕುರ್ಚಿಯಲ್ಲಿ ಕೂರಿಸಿದರು.

ಅವನು ದೂರಲಿಲ್ಲ. ಸ್ಕೇಟಿನ ಮೇಲೆ ತಪ್ಪು ಹೊರಿಸುವವನು ಆಟಗಾರನೇ ಅಲ್ಲ ಎನ್ನುವುದು ಈ ಹುಡುಗರಲ್ಲಿ ಒಂದು ವ್ರತದಂತೆ. ನಾನು ಎರಡು ಸಲ ಕೇಳಿದ್ದೆ ಕೂಡ. “ಅಂಚು ಸರಿಯಾಗಿದೆಯಾ?” ಉಗುರಿನ ಮೇಲೆ ಬ್ಲೇಡು ಎಳೆದು, ಎದ್ದ ಪುಡಿ ನೋಡಿ, “ತುಂಬಾ ಹರಿತ” ಎಂದಿದ್ದ. ಹರಿತವೇ. ಅದರಲ್ಲಿ ತಪ್ಪಿರಲಿಲ್ಲ.

ಅಭ್ಯಾಸ ಮುಗಿದು ಉಳಿದವರು ಮನೆಗೆ ಹೋದ ಮೇಲೂ ಅವನೊಬ್ಬನೇ ಐಸಿನ ಮೇಲೆ ಎಡಕ್ಕೆ, ಎಡಕ್ಕೆ, ಎಡಕ್ಕೆ ಸುತ್ತುತ್ತಿದ್ದ. ಆಮೇಲೆ ನನ್ನ ಅಂಗಡಿಗೆ ಬಂದು, ಶೂ ಬಿಚ್ಚಿ, ಹೀಟರಿನ ಮುಂದೆ ಕಾಲು ಚಾಚಿ ಕೂರುತ್ತಿದ್ದ. ಅವನಿಗೆ ಏರ್‌ಪೋರ್ಟ್ ಪಕ್ಕದ ಹೋಟೆಲಿನಲ್ಲಿ ಒಂದು ಕೋಣೆ, ನನಗೊಂದು ಬೇಸ್‌ಮೆಂಟು. ಇಬ್ಬರಿಗೂ ಹೋಗಲು ಅವಸರವಿರಲಿಲ್ಲ. ಮಾತು ಕಡಿಮೆ. ನನ್ನ ಚಿತ್ರಾನ್ನದಲ್ಲಿ ಅರ್ಧ ಕೊಟ್ಟರೆ ಮೆಣಸಿನಕಾಯಿ ಮಾತ್ರ ಪಕ್ಕಕ್ಕೆ ಸಾಲಾಗಿ ಜೋಡಿಸಿ ಉಳಿದದ್ದನ್ನೆಲ್ಲ ತಿನ್ನುತ್ತಿದ್ದ. ಆ ಸಾಲು ನೆಟ್ಟಗಿರುತ್ತಿತ್ತು, ಅದಕ್ಕೇ ಅವನು ನನಗೆ ಇಷ್ಟವಾದ. ಶೂಗಳನ್ನು ಮಾತ್ರ ಸೊಟ್ಟಗೆ ಬಿಡುತ್ತಿದ್ದ. ನಾನು ಪಕ್ಕದಲ್ಲಿ ಹಾದುಹೋಗುವಾಗ ಕಾಲಿನಿಂದ ತಳ್ಳಿ ನೇರ ಮಾಡುತ್ತಿದ್ದೆ. ಎಡ ಶೂವಿನ ಹಿಮ್ಮಡಿ ಒಳಬದಿಗೆ ಮಾತ್ರ ಸವೆದಿತ್ತು. ಅದನ್ನು ನೋಡಿದ್ದೆ. ಹೊಸ ಶೂ ತೆಗೆದುಕೊಳ್ಳಬಾರದೇ ಎಂದುಕೊಂಡಿದ್ದೆ, ಅಷ್ಟೇ.

ಹೊಸ ವರ್ಷಕ್ಕೆ ಮಿಷಿಗನ್ನಿಗೆ ಹೋದೆ. ಇನ್ನೂರ ಎಂಬತ್ತು ಮೈಲಿ, ಮಿಷಿಗನ್ ಸರೋವರದ ದಂಡೆಯ ಹಿಮಗಾಳಿ, ಹೊರಗೆ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹತ್ತು ಡಿಗ್ರಿ. ಸೌತ್‌ಫೀಲ್ಡಿನ ಎಕ್ಸಿಟ್ ಇಳಿಯುವಾಗ ಆಫೀಸು ಕಟ್ಟಡಗಳ ಅರ್ಧ ಕಿಟಕಿಗಳು ಕತ್ತಲಾಗಿದ್ದವು. ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಡೈನಿಂಗ್ ಟೇಬಲ್ಲಿನ ಕುರ್ಚಿ ಸರಿಮಾಡತೊಡಗಿದೆ. ಹದಿಮೂರರ ಮಗಳು ಮೆಟ್ಟಿಲ ಮೇಲಿನಿಂದ ನೋಡುತ್ತಿದ್ದಳು.

“ಅಮ್ಮಾ, ಯು ಜಸ್ಟ್ ಗಾಟ್ ಹಿಯರ್” ಎಂದಳು.

ಅಪ್ಪಿಕೊಳ್ಳಲು ಕಾಯುತ್ತಿದ್ದಳೆಂದು ನನಗೆ ಹೊಳೆದದ್ದು ಹಿಂದಿರುಗುವ ದಾರಿಯಲ್ಲಿ, ಅರ್ಧ ದೂರ ಬಂದ ಮೇಲೆ.

ಜನವರಿಯ ಕೊನೆಯ ವಾರ ಹುಡುಗ ಸುದ್ದಿ ಹೇಳಿದ. ಅವನನ್ನು ಮೂರನೇ ಮೆಟ್ಟಿಲಿಗೆ ಕಳಿಸಲು ಮೇಲಿನ ಕ್ಲಬ್ಬು ತೀರ್ಮಾನಿಸಿತ್ತು. ಅವನ ಊರಿನ ತಂಡವೂ ಕರೆದಿತ್ತು. ಊರಿಗೆ ಹೋಗುವುದಾದರೆ ತಿಂಗಳ ಕೊನೆಯೊಳಗೆ ಒಪ್ಪಿಗೆ ತಿಳಿಸಬೇಕು, ಆಮೇಲೆ ಈ ವರ್ಷಕ್ಕೆ ಬಾಗಿಲು ಮುಚ್ಚುತ್ತದೆ. ಅವತ್ತಿಗೆ ನಾಲ್ಕು ದಿನ ಉಳಿದಿತ್ತು.

“ಏನು ಮಾಡ್ತೀಯ?”

“ಊರಿಗೆ ಹೋಗ್ತೀನಿ. ನಾನು ಇಲ್ಲಿಗೆ ಸಾಕಾಗೋಷ್ಟು ಇಲ್ಲ. ಎಡಕ್ಕೆ ತಿರುಗಕ್ಕೆ ಬರದೇ ಇರೋನು ಎಲ್ಲಿ ಆಡ್ತಾನೆ?”

ಎಂಟು ವರ್ಷದ ವಯಸ್ಸಿನಿಂದ ಇಲ್ಲಿಗೆ ಬರಬೇಕೆಂದು ಆಡಿದವನು. ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸಿನ ಸಮಯ ಹೇಳುವವನಂತೆ ಹೇಳಿದ. ಆಮೇಲೆ ಚೀಲದಿಂದ ಹಳೆಯ ಸ್ಕೇಟು ಜೊತೆಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟ. ಹಿಂದಿನ ವರ್ಷ ಊರಿನಲ್ಲಿ ಆಡಿದ್ದು, ಇಲ್ಲಿ ಒಮ್ಮೆಯೂ ಹಾಕಿಲ್ಲ, ವಿಮಾನಕ್ಕೆ ತೂಕ ಹೆಚ್ಚಾಗುತ್ತದೆ, ಯಾರಿಗಾದರೂ ಕೊಡಿ ಎಂದ.

“ಇದಕ್ಕೆ ಸಾಣೆ ಯಾರು ಹಿಡಿದಿದ್ದು?” ಸುಮ್ಮನೆ ಕೇಳಿದೆ.

“ನಮ್ಮೂರ ರಿಂಕಿನ ಮುದುಕ. ನಾನು ಹದಿನಾಲ್ಕು ವರ್ಷದವನಾಗಿದ್ದಾಗಿಂದ ಅವನೇ. ಮಾತೇ ಆಡಲ್ಲ.”

ಅವನು ಹೋದ ಮೇಲೆ, ಚಟ ಬಿಡಬೇಕಲ್ಲ, ಮೂಲೆಮಟ್ಟ ತೆಗೆದುಕೊಂಡೆ. ಬಲಗಾಲು ಸಮ. ಎಡಗಾಲು ದೀಪಕ್ಕೆ ಹಿಡಿದಾಗ ಸಂದಿನಲ್ಲಿ ಬೆಳಕು ಕಂಡಿತು. ಹಾಳೆ ತೂರಿಸಿದೆ. ಹೊರ ಅಂಚು ಮೂರು ಥೌ ಎತ್ತರ. ತುದಿಯಲ್ಲಿ, ನಡುವೆ, ಹಿಮ್ಮಡಿಯ ಬಳಿ, ಮೂರು ಕಡೆಯೂ ಮೂರೇ.

ಒಂದು ಸಲ ಮೂರು ಥೌ ಬಂದರೆ ಕೈ ತಪ್ಪಿದೆ ಎನ್ನಬಹುದು. ಎರಡು ಬೇರೆ ಜೊತೆಗಳಲ್ಲಿ, ಅದೇ ಕಾಲಿಗೆ, ಅದೇ ಅಂಚಿಗೆ, ಉದ್ದಕ್ಕೂ ಅಷ್ಟೇ ಬಂದರೆ ಅದು ತಪ್ಪಲ್ಲ, ಅದು ಡ್ರಾಯಿಂಗ್. ಹದಿನಾರು ವರ್ಷ ಇದನ್ನೇ ಹೊಸಬರಿಗೆ ಪಾಠ ಹೇಳಿದವಳು ನಾನು. ಯಾರೋ ಬೇಕೆಂದೇ, ಎಷ್ಟೋ ಜಾಗ್ರತೆಯಿಂದ ಮಾಡಿದ್ದನ್ನು ನಾನು ಕಳಪೆ ಎಂದು ಉಜ್ಜಿ ಹಾಕಿದ್ದೆ.

ಸಂಜೆ ಮೆಟ್ಟಿಲು ಹತ್ತಿ ಡಾಕ್ಟರ್ ಅಂಕಲ್ ಹತ್ತಿರ ಹೋದೆ. ಅವರು ಟಿವಿಯ ಧ್ವನಿ ಸಣ್ಣ ಮಾಡಿ ಎಲ್ಲ ಕೇಳಿದರು.

“ಎಡಗಾಲ ಪಾದದ ಗಂಟು ಎಂದರ ಮುರದಿತ್ತೇನವಾ ಅವಂದು?”

“ಗೊತ್ತಿಲ್ಲ ಅಂಕಲ್. ಕೇಳಿಲ್ಲ.”

“ಮುರದ ಕೂಡಿದ್ರ ಕೆಲವೊಂದ ಸಲ ಪಾದ ಹೊರಗಡೆ ವಾಲೂದಿಲ್ಲ. ಎಕ್ಸ್‌ರೇದಾಗ ಎಲ್ಲಾ ಛಲೋ ಕಾಣ್ತದ. ಅಂವಾ ಹಾಕ್ಕೊಳ್ಳೋ ಶೂ ನೋಡಿದ್ಯೇನು? ಹಿಮ್ಮಡಿ ಎಲ್ಲಿ ಸವದಿತ್ತು?”

“ಒಳಗಡೆ.”

“ನೋಡಿದ್ದಿ ಹಂಗಾರ.”

“ನೋಡಿದ್ದೆ ಅಂಕಲ್. ದಿನಾ ನೇರ ಮಾಡಿ ಇಡ್ತಿದ್ದೆ.”

ಅಂಕಲ್ ನಗಲಿಲ್ಲ. “ಕಾಲ ವಾಲೂದಿಲ್ಲಂತ ಆ ಮುದಕಾ ಕಾಲಿಗೆ ತಕ್ಕಂಗ ಬ್ಲೇಡ್ ತಿದ್ದ್ಯಾನ. ನೀ ಬ್ಲೇಡಿಗೆ ತಕ್ಕಂಗ ಕಾಲ ಇರ್ಲಿ ಅಂದಿ. ಇಷ್ಟ ಆಗೇದ ನೋಡು” ಎಂದರು. ಆಂಟಿ ಊಟಕ್ಕೆ ಕರೆದರು. ಹಸಿವಿಲ್ಲ ಎಂದು ಕೆಳಗಿಳಿದೆ.

ಗಂಡನಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, “ನಾಳೆ ಬೆಳಿಗ್ಗೆ ಮೊದಲಿನ ಥರಾನೇ ಮಾಡಿಬಿಡು. ಯಾರಿಗೂ ಹೇಳಕ್ಕೆ ಹೋಗ್ಬೇಡ. ಈ ಕೆಲಸಾನೂ ಹೋದ್ರೆ ಇನ್ನೆಲ್ಲಿ ಅಪ್ಲೈ ಮಾಡ್ತೀಯ?” ಎಂದರು. ತಪ್ಪೇನೂ ಹೇಳಲಿಲ್ಲ. ಕೆಲಸವೆಂದು ನನಗೆ ಉಳಿದದ್ದು ಅದೊಂದೇ. ಅದರಲ್ಲಿ ನನಗಿದ್ದ ಹೆಸರೂ ನಾಣ್ಯ ವಾಲದ ಹೆಸರೇ. ನನಗೂ ಆ ಸಲಹೆ ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಅಂಗಡಿ ತೆರೆದೆ. ತಂಡದ ಕೋಣೆಯಿಂದ ಅವನು ದಿನವೂ ಹಾಕುವ ಜೊತೆಯನ್ನು ತಂದು, ಎಡ ಸ್ಕೇಟನ್ನು ಹಿಡಿಕೆಗೆ ಬಿಗಿದು ತಿರುಪನ್ನು ಬೇಕೆಂದೇ ತಪ್ಪಿಸಿದೆ. ಜೀವಮಾನದಲ್ಲಿ ಮೊದಲ ಸಲ ಓರೆಯಾಗಿ ಉಜ್ಜುತ್ತಿದ್ದೆ. ಅದು ಸಮ ಮಾಡುವುದಕ್ಕಿಂತ ಕಷ್ಟ. ಮೊದಲ ಸಲ ಎರಡು ಥೌ ಬಂತು. ಮತ್ತೆ ತಿರುಗಿಸಿದರೆ ತುದಿಯಲ್ಲಿ ಮೂರು, ಹಿಮ್ಮಡಿಯಲ್ಲಿ ನಾಲ್ಕು. ಚಕ್ರಕ್ಕೆ ಮತ್ತೆ ವಜ್ರ ಹಿಡಿದು, ಹಿಡಿಕೆ ಒರೆಸಿ, ಮೊದಲಿನಿಂದ ಶುರು ಮಾಡಿದೆ. ಮುಕ್ಕಾಲು ಗಂಟೆಯ ಮೇಲೆ ಮೂರು ಕಡೆಯೂ ಮೂರು ಬಂತು. ಆ ಮಾತಾಡದ ಮುದುಕನಿಗೆ ಮೂಗು ಮುರಿದದ್ದು ನೆನಪಾಗಿ ಒಬ್ಬಳೇ ನಾಚಿಕೊಂಡೆ.

ಅಭ್ಯಾಸ ಶುರುವಾಯಿತು. ನಾನು ಗಾಜಿಗೆ ಹಣೆ ಒತ್ತಿ ನಿಂತೆ. ಬಿಲ್ಲೆ ಎಡ ಮೂಲೆಗೆ ಹೋಯಿತು. ಹುಡುಗ ತಿರುಗಿದ. ಕಾಲು ಜಾರಲಿಲ್ಲ. ಬಿಲ್ಲೆ ತೆಗೆದುಕೊಂಡು ಆಚೆಯವನಿಗೆ ಕೊಟ್ಟು, ನಿಂತು, ತನ್ನ ಎಡಗಾಲನ್ನೇ ನೋಡಿದ. ಮತ್ತೊಮ್ಮೆ ತಿರುಗಿದ. ಮತ್ತೊಮ್ಮೆ. ಕೋಚ್ ಶಿಳ್ಳೆಯನ್ನು ಬಾಯಿಂದ ತೆಗೆದು ಅವನ ಕಡೆ ನೋಡಿದರು. 

ಮುಗಿದ ಮೇಲೆ ಶೂ ಕೂಡ ಹಾಕದೆ, ಸ್ಕೇಟು ಕೈಯಲ್ಲಿ ಹಿಡಿದು ಅಂಗಡಿಗೆ ಓಡಿಬಂದ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇವತ್ತು ಕಾಲು ನನ್ನ ಮಾತು ಕೇಳ್ತು! ನಾಲ್ಕು ತಿಂಗಳು ಸುತ್ತಿದ್ದಕ್ಕೆ ಈಗ ಕಲಿತೆ ಅನ್ಸುತ್ತೆ. ಹೋಗೋದು ಗೊತ್ತಾದ ಮೇಲೆ ಕಲಿತೆ ನೋಡಿ, ಎಂಥ ಪೆದ್ದ ನಾನು.”

ಸುಮ್ಮನಿದ್ದರೆ ಮುಗಿಯುತ್ತಿತ್ತು. ಗಂಡ ಹೇಳಿದಂತೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಅವನು ತನ್ನನ್ನು ಪೆದ್ದ ಎಂದುಕೊಂಡ ಆ ಮಾತು ನನ್ನಿಂದ ಕೇಳಲಾಗಲಿಲ್ಲ. ಕೂತ್ಕೋ ಎಂದೆ. ಹಳೆಯ ಜೊತೆಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಮೂಲೆಮಟ್ಟ ಹಿಡಿದು, ಎರಡರಲ್ಲೂ ಬೆಳಕಿನ ಗೆರೆ ತೋರಿಸಿದೆ.

“ನೀನು ಬಂದಾಗ ಇದು ಹೀಗಿತ್ತು. ನಾನು ತಪ್ಪು ಅಂದ್ಕೊಂಡು ತೆಗೆದೆ. ನಿನ್ನನ್ನ ಕೇಳಲಿಲ್ಲ. ನಿನ್ನೆ ನಿನ್ನ ಹಳೇ ಜೊತೆ ನೋಡಿದ ಮೇಲೆ ಗೊತ್ತಾಯ್ತು. ಇವತ್ತು ಬೆಳಿಗ್ಗೆ ವಾಪಸ್ ಮಾಡಿದೀನಿ. ನೀನೇನೂ ಮರೆತಿರಲಿಲ್ಲ, ಹೊಸದಾಗಿ ಕಲೀಲೂ ಇಲ್ಲ. ಜಾರಿದ್ದು ನಿನ್ನಿಂದ ಅಲ್ಲ, ನನ್ನಿಂದ. ನಿನ್ನ ಎಡಗಾಲು ಮುರಿದಿತ್ತಾ?”

“ಹದಿನಾಲ್ಕನೇ ವರ್ಷದಲ್ಲಿ. ಗೋಲಿನ ಕಂಬಕ್ಕೆ ಬಡಿದು.” ಬ್ಲೇಡಿನ ಮೇಲೆ ಬೆರಳಾಡಿಸಿದ. “ಆ ಮುದುಕ ನನಗೆ ಯಾವತ್ತೂ ಹೇಳಲಿಲ್ಲ.”

ನಾನು ಕ್ಷಮೆ ಕೇಳಿದೆ. ಅವನ ಮುಖ ಕೆಂಪಾಯಿತು. ಸ್ಕೇಟುಗಳನ್ನು ಎತ್ತಿಕೊಂಡು, ನನ್ನ ಕಡೆ ನೋಡದೆ, ಬರಿಯ ಸಾಕ್ಸಿನಲ್ಲೇ ಹೊರಟುಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನೇರ ಮ್ಯಾನೇಜರ್ ಹತ್ತಿರ ಹೋಗಿ ಅವನಿಗೂ ಹೇಳಿದೆ. ಬೀಜ ಅಗಿಯುವುದು ನಿಂತಿತು. “ನಾಲ್ಕು ತಿಂಗಳು” ಎಂದ. ಹೌದು ಎಂದೆ. “ನಾನು ನಾಣ್ಯ ಇಟ್ಟು ನೋಡಿದ್ದೆ. ನೆಟ್ಟಗಿತ್ತು. ನೆಟ್ಟಗಿದೆಯಲ್ಲ ಅಂತ ಬಿಟ್ಟೆ” ಎಂದು ಕೋಚ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಕ್ಲಬ್ಬಿನವರಿಗೆ ಫೋನು ಹೋಗಿತ್ತು. ಹುಡುಗನನ್ನು ಕೆಳಗೆ ಕಳಿಸುವುದನ್ನು ನಿಲ್ಲಿಸಿದ್ದರು. ಎರಡು ವಾರ ಇಲ್ಲೇ ಆಡಿಸುತ್ತೇವೆ, ಬಂದು ನೋಡುತ್ತೇವೆ ಎಂದಿದ್ದರಂತೆ. ನನ್ನ ಕೆಲಸ ಹೋಗಲಿಲ್ಲ. ಆದರೆ ಅಂದಿನಿಂದ ಸೀಸನ್ ಮುಗಿಯುವವರೆಗೆ ನಾನು ಉಜ್ಜಿದ ಪ್ರತಿಯೊಂದು ಸ್ಕೇಟನ್ನೂ ಮ್ಯಾನೇಜರ್ ನನ್ನೆದುರೇ ನಾಣ್ಯ ಇಟ್ಟು ನೋಡುತ್ತಿದ್ದ. ನಾನು ಕೈ ಕಟ್ಟಿ ನಿಂತಿರುತ್ತಿದ್ದೆ.

ತಿಂಗಳ ಕೊನೆಯ ದಿನ ಹುಡುಗ ಬಂದ. ಶೂ ಬಿಚ್ಚಿದ, ಕಾಲು ಚಾಚಿದ.

“ಊರಿಗೆ ಹೋಗ್ತೀನಿ ಅಂತ ಹೇಳಿಬಿಟ್ಟೆ” ಎಂದ.

“ಯಾಕೆ? ಈಗ ತಿರುಗ್ತೀಯಲ್ಲ! ಆಡಿಸ್ತೀವಿ ಅಂತಿದಾರಲ್ಲ!” ನನ್ನ ದನಿ ಏರಿತು. ಅವನು ಉಳಿದರೆ ನನ್ನ ತಪ್ಪು ಅಳಿಸಿಹೋಗುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

“ನಾಲ್ಕು ತಿಂಗಳು ಬಿದ್ದೆ. ಕೋಚ್ ನೋಡಿದ್ರು. ಮೇಲಿನವರು ನೋಡಿದ್ರು. ನೀವು ಈ ಗಾಜಿನಿಂದ ದಿನಾ ನೋಡಿದ್ರಿ. ಕಾಲಿಗೆ ಏನಾಗಿದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದೂ ನಿಜ. ಅಲ್ಲಿ ಒಬ್ಬ ಮುದುಕ ಆರು ವರ್ಷ, ನನಗೇ ಗೊತ್ತಿಲ್ಲದ ಹಾಗೆ, ನನ್ನ ಕಾಲು ನೋಡ್ಕೊಂಡಿದಾನೆ. ನನಗೆ ಅಂಥ ಕಡೆ ಆಡಬೇಕು ಅನ್ನಿಸ್ತು.”

ನಾನು ಸಾಣೆಚಕ್ರಕ್ಕೆ ವಜ್ರ ಹಿಡಿಯಲು ಎದ್ದೆ.

“ನೀವು ಹೇಳದೇ ಇದ್ದಿದ್ರೂ ಹೋಗ್ತಿದ್ದೆ” ಎಂದ. “ಆದ್ರೆ ಸೋತು ಹೋಗ್ತಿದ್ದೆ.”

ಕೊನೆಯ ಸಲ ಅವನ ಸ್ಕೇಟುಗಳಿಗೆ ಸಾಣೆ ಹಿಡಿದೆ. ಅವನು ಪಕ್ಕದಲ್ಲೇ ನಿಂತಿದ್ದ. ಮೊದಲು ಅವನನ್ನು ಬರಿಗಾಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಸಿದೆ, ಮಂಡಿಯೂರಿ ಪಾದವನ್ನು ಕೈಯಲ್ಲಿ ಹಿಡಿದು ಎಷ್ಟು ವಾಲುತ್ತದೆಂದು ನೋಡಿದೆ. ಒಳಕ್ಕೆ ಸಲೀಸಾಗಿ ವಾಲಿತು. ಹೊರಕ್ಕೆ ಸ್ವಲ್ಪ ಹೋಗಿ ಕಲ್ಲಿನಂತೆ ನಿಂತಿತು. ಅಕ್ಟೋಬರಿನಲ್ಲೇ ಮಾಡಬಹುದಾಗಿದ್ದ ಕೆಲಸ ಎರಡು ನಿಮಿಷದ್ದು. ಹಳೆಯ ಜೊತೆಯನ್ನೂ ಯಾರಿಗೂ ಕೊಡಬೇಡ, ತೆಗೆದುಕೊಂಡು ಹೋಗು ಎಂದೆ. ತೂಕಕ್ಕೆ ಬದಲಾಗಿ ಒಂದು ಜೊತೆ ಬೂಟು ಬಿಟ್ಟುಹೋದ. ಅದರ ಎಡ ಹಿಮ್ಮಡಿ ಒಳಕ್ಕೆ ಸವೆದದ್ದು ಈಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯಿತು.

ಫೆಬ್ರವರಿ ಉದ್ದವಾಗಿತ್ತು. ಹೀಟರಿನ ಮುಂದೆ ಯಾರೂ ಕೂರುತ್ತಿರಲಿಲ್ಲ. ಚಿತ್ರಾನ್ನ ಮಾಡಿದರೆ ಅಳತೆ ತಪ್ಪಿ ಇಬ್ಬರಿಗಾಗುವಷ್ಟು ಆಗಿಬಿಡುತ್ತಿತ್ತು. ಮನೆಗೆ ಹೋದ ವಾರ ಬಾಗಿಲಲ್ಲಿ ಕೋಟು ಬಿಚ್ಚದೆ ನಿಂತೆ. ಕುರ್ಚಿಗಳು ಎಲ್ಲೆಲ್ಲೋ ಇದ್ದವು, ಮಗಳು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಳು. ಅವಳ ಕಡೆಗೇ ಹೋದೆ. “ನಡಿಗೆ ಏನೋ ನಿಧಾನ ಆಗಿದೆಯಲ್ಲ, ಕಾಲು ನೋವಾ?” ಎಂದೆ. ನೋವೇ ಇತ್ತು, ಬ್ಯಾಸ್ಕೆಟ್‌ಬಾಲ್ ಆಡುವಾಗ ಉಳುಕಿತ್ತಂತೆ. “ಹೌ ಡಿಡ್ ಯು ನೋ?” ಎಂದು ಕಣ್ಣರಳಿಸಿದಳು. ಮತ್ತೆ ಭಾನುವಾರ ಮಧ್ಯಾಹ್ನ ಅವಳನ್ನು ಬಿಟ್ಟು ಇನ್ನೂರ ಎಂಬತ್ತು ಮೈಲಿ ವಾಪಸ್ ಬಂದೆ.

ಮಾರ್ಚಿನಲ್ಲಿ ಹುಡುಗನ ಇಮೇಲ್ ಬಂತು. ನಾಲ್ಕೇ ಸಾಲು. ತಂಡದಲ್ಲಿ ಆಡುತ್ತಿದ್ದೇನೆ. ಬಂದ ದಿನ ಸ್ಕೇಟುಗಳನ್ನು ಮುದುಕನಿಗೆ ಕೊಟ್ಟೆ. ಎಡಗಾಲಿನದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ, ಉಗುರಿನ ಮೇಲೆ ಎಳೆದ. ಮಷೀನು ಹಾಕದೆ ಹಾಗೇ ನನ್ನ ಕೈಗೆ ವಾಪಸ್ ಕೊಟ್ಟ.

ನಿಂತೇ ಓದಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆಚೆ ಐಸು ಒರೆಸುವ ಗಾಡಿ ಸುತ್ತುತ್ತಿತ್ತು. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು, ಹೇಳಿದರೆ ಅರ್ಥವಾಗುವವರು ಇಬ್ಬರೇ, ಇಬ್ಬರೂ ಫಿನ್‌ಲೆಂಡಿನಲ್ಲಿದ್ದರು. ಅಷ್ಟರಲ್ಲಿ ಮ್ಯಾನೇಜರ್ ಹೊಸ ಹುಡುಗನೊಬ್ಬನ ಸ್ಕೇಟು ತಂದು ಕೌಂಟರಿನ ಮೇಲಿಟ್ಟು ಜೇಬಿನಲ್ಲಿ ನಾಣ್ಯ ಹುಡುಕತೊಡಗಿದ.

ನಾನು ಮಷೀನು ಹಾಕಲಿಲ್ಲ. “ಸ್ಕೇಟು ಆಮೇಲೆ. ಆ ಹುಡುಗನನ್ನ ಕಳಿಸಿ, ಅವನು ನಡೆಯೋದು ನೋಡ್ಬೇಕು” ಎಂದೆ.